ಒಂದೇ ಕೀಬೋರ್ಡ್, ಹಲವು ವಾದ್ಯ: ಸಿಂತ್‌ನಿಂದ ಹೊರಗಿನ ಮಿಡಿ ವಾದ್ಯಗಳನ್ನು ನುಡಿಸುವುದು ಹೇಗೆ

ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವ ಬಹಳ ಜನರ ಹತ್ತಿರ ಎರಡು ಮೂರು ವಾದ್ಯ ಇರುತ್ತವೆ. ಒಂದು ದೊಡ್ಡ ಸಿಂತ್ (ಸಿಂಥಸೈಜರ್), ಪಕ್ಕದಲ್ಲಿ ಆಕ್ಟಾಪ್ಯಾಡ್ ಎಂಬ ತಾಳದ ಪ್ಯಾಡ್, ಜೊತೆಗೆ ಆಸೆಪಟ್ಟು ತಂದ ಒಂದು ಪುಟ್ಟ ಸಿಂತ್. ಆದರೆ ಮೂರನ್ನೂ ಬೇರೆ ಬೇರೆಯಾಗಿಯೇ ನುಡಿಸುತ್ತಾರೆ. ದೊಡ್ಡ ಸಿಂತ್‌ನ ಬೆನ್ನಿಗೆ ಮಿಡಿ ಔಟ್ ಎಂಬ ದುಂಡನೆಯ ಸಾಕೆಟ್ ಇರುತ್ತದೆ, ಇನ್ನೊಂದು ವಾದ್ಯಕ್ಕೆ ಏನು ನುಡಿಸಬೇಕು ಅಂತ ಸಂದೇಶ ಕಳಿಸಲು. ಅದಕ್ಕೆ ಕೇಬಲ್ ಹಾಕಿದವರು ಕಡಿಮೆ. ಹಾಕಿದವರಲ್ಲಿ ಅರ್ಧ ಜನ ಸದ್ದು ಬರಲಿಲ್ಲ ಅಂತ ತೆಗೆದಿಟ್ಟಿರುತ್ತಾರೆ.

ಇದರಲ್ಲಿ ಕಷ್ಟದ್ದು ಏನೂ ಇಲ್ಲ. ತೊಂದರೆ ಬರುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಮುಖ್ಯ ಸಿಂತ್ ಏನೇನು ಕಳಿಸುತ್ತಿದೆ, ಯಾವ ಚಾನೆಲ್‌ನಲ್ಲಿ ಕಳಿಸುತ್ತಿದೆ ಅನ್ನುವುದು ನಮಗೆ ಗೊತ್ತಿರುವುದಿಲ್ಲ. ಅದೊಂದು ಸ್ಪಷ್ಟವಾದರೆ ಉಳಿದದ್ದೆಲ್ಲ ಮೆನುವಿನೊಳಗಿನ ಕೆಲಸ. ಇಲ್ಲಿ ಉದಾಹರಣೆಗೆ ಕೋರ್ಗ್ ಕ್ರಾಸ್ 2 ಅನ್ನು ಮುಖ್ಯ ಸಿಂತ್ ಆಗಿ, ಕೋರ್ಗ್‌ನದೇ ವೋಲ್ಕಾ ಎಫ್‌ಎಂ ಮತ್ತು ರೋಲ್ಯಾಂಡ್ ಎಸ್‌ಪಿಡಿ-20 ಪ್ಯಾಡ್ ಅನ್ನು ಹೊರಗಿನ ವಾದ್ಯಗಳಾಗಿ ಇಟ್ಟುಕೊಳ್ಳುತ್ತೇನೆ. ನಿಮ್ಮ ಹತ್ತಿರ ಬೇರೆ ಕಂಪನಿಯದ್ದು ಇದ್ದರೂ ಚಿಂತೆ ಇಲ್ಲ, ದಾರಿ ಒಂದೇ.

ಮೊದಲು ಇದಿಷ್ಟು ತಿಳಿದಿರಲಿ

ಮಿಡಿ ಕೇಬಲಿನಲ್ಲಿ ಸದ್ದು ಹರಿಯುವುದಿಲ್ಲ. ಹರಿಯುವುದು ಬರೀ ಸಂಖ್ಯೆಗಳು. ನೀವು ಮೂರನೇ ಚಾನೆಲ್‌ನಲ್ಲಿ ನಡುವಿನ ಸಿ ಕೀಯನ್ನು ಸ್ವಲ್ಪ ಗಟ್ಟಿಯಾಗಿ ಒತ್ತಿದಿರಿ ಅನ್ನಿ. ಆಗ ಹೋಗುವುದು 146, 60, 90 ಎಂಬ ಮೂರು ಸಂಖ್ಯೆ. 146 ಅಂದರೆ 'ಮೂರನೇ ಚಾನೆಲ್, ನೋಟ್ ಶುರು'. 60 ಅಂದರೆ ನಡುವಿನ ಸಿ. 90 ಅಂದರೆ ಒತ್ತಿದ ರಭಸ. ಪಿಟೀಲು ವಿದ್ವಾಂಸರ ಕೈಗೆ ಸ್ವರ ಬರೆದ ಚೀಟಿ ಕೊಟ್ಟ ಹಾಗೆ ಇದು. ಚೀಟಿಯಲ್ಲಿ ಸ್ವರ ಇದೆ, ನಾದ ಇಲ್ಲ. ನಾದ ಹುಟ್ಟುವುದು ಓದಿದವರ ವಾದ್ಯದಲ್ಲಿ.

ಈ ಸಂಖ್ಯೆಗಳು ಸೆಕೆಂಡಿಗೆ 31,250 ಬಿಟ್ ವೇಗದಲ್ಲಿ ಓಡುತ್ತವೆ. ಒಂದು ನೋಟ್ ತಲುಪಲು ಸುಮಾರು 1 ಮಿಲಿಸೆಕೆಂಡ್ ಸಾಕು. ಈ ಲೆಕ್ಕ 1983ರಿಂದ ಬದಲಾಗಿಲ್ಲ. ಆ ವರ್ಷದ ಜನವರಿಯಲ್ಲಿ ಅಮೆರಿಕದ ನ್ಯಾಮ್ ಎಂಬ ವಾದ್ಯಗಳ ಮೇಳದಲ್ಲಿ ಸೀಕ್ವೆನ್ಷಿಯಲ್ ಕಂಪನಿಯ ಪ್ರಾಫೆಟ್-600 ಮತ್ತು ರೋಲ್ಯಾಂಡ್‌ನ ಜುಪಿಟರ್-6 ಎಂಬ ಎರಡು ಸಿಂತ್‌ಗಳನ್ನು ಕೇಬಲಿನಿಂದ ಜೋಡಿಸಿ ತೋರಿಸಿದರು. ಬೇರೆ ಬೇರೆ ದೇಶದ, ಪೈಪೋಟಿಯಲ್ಲಿದ್ದ ಎರಡು ಕಂಪನಿಗಳ ವಾದ್ಯಗಳು ಒಂದರ ಮಾತು ಇನ್ನೊಂದಕ್ಕೆ ತಿಳಿಯುವಂತೆ ಕೂಡಿದವು. ಇದರ ಹಿಂದಿದ್ದ ಡೇವ್ ಸ್ಮಿತ್ ಮತ್ತು ಇಕುತಾರೊ ಕಾಕೆಹಾಶಿ ಅವರಿಗೆ 2013ರಲ್ಲಿ ಟೆಕ್ನಿಕಲ್ ಗ್ರ್ಯಾಮಿ ಬಂತು. ಆಗಿನ ಕಾಲದ ಸಿಂತ್‌ಗೆ ಇವತ್ತು ಅಂಗಡಿಯಿಂದ ತಂದ ಸಿಂತ್ ಜೋಡಿಸಿದರೆ ಈಗಲೂ ನುಡಿಯುತ್ತದೆ. ನನಗೆ ಮಿಡಿಯ ಮೇಲೆ ಇಷ್ಟು ಪ್ರೀತಿ ಇರುವುದಕ್ಕೆ ಇದೂ ಒಂದು ಕಾರಣ.

ಕೇಬಲ್

ಮುಖ್ಯ ಸಿಂತ್‌ನ ಔಟ್‌ನಿಂದ ಹೊರಗಿನ ವಾದ್ಯದ ಇನ್‌ಗೆ. ನೆನಪಿಡಬೇಕಾದ್ದು ಇಷ್ಟೇ. ಔಟ್‌ಗೆ ಔಟ್ ಹಾಕಿದರೆ ಏನೂ ಸುಟ್ಟುಹೋಗುವುದಿಲ್ಲ, ಆದರೆ ಏನೂ ನುಡಿಯುವುದೂ ಇಲ್ಲ.

ಐದು ಪಿನ್ನಿನ ಡಿನ್ ಕೇಬಲಿನಲ್ಲಿ ಕೆಲಸ ಮಾಡುವುದು ಮೂರೇ ಪಿನ್. 4 ಮತ್ತು 5ರಲ್ಲಿ ಡೇಟಾ, 2ರಲ್ಲಿ ಶೀಲ್ಡ್. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಡಿನ್ ಪ್ಲಗ್ ಬಿಡಿಯಾಗಿ ಸಿಗುತ್ತದೆ. ಬೆಸುಗೆ ಹಾಕಲು ಬರುವವರು 4ಕ್ಕೆ 4, 5ಕ್ಕೆ 5, 2ಕ್ಕೆ ಶೀಲ್ಡ್ ಸೇರಿಸಿ ಮನೆಯಲ್ಲೇ ಕೇಬಲ್ ಮಾಡಿಕೊಳ್ಳಬಹುದು. ಹಳೇ ಟೇಪ್ ರೆಕಾರ್ಡರ್ ಕಾಲದ ಡಿನ್ ಆಡಿಯೊ ಕೇಬಲ್ ಸಿಕ್ಕಿತು ಅಂತ ಸುಮ್ನೆ ಚುಚ್ಚಬೇಡಿ. ನೋಡಲು ಹಾಗೇ ಇದ್ದರೂ ಒಳಗೆ ತಂತಿಗಳು ಬೇರೆ ಥರ ಜೋಡಣೆಯಾಗಿರಬಹುದು. ಉದ್ದ 15 ಮೀಟರ್ ದಾಟದಿರಲಿ.

ಈಚಿನ ಪುಟ್ಟ ಸಿಂತ್‌ಗಳಲ್ಲಿ ಡಿನ್ ಬದಲು ಇಯರ್‌ಫೋನ್ ಸಾಕೆಟ್‌ನಂಥ 3.5 ಎಂಎಂ ತೂತು ಇರುತ್ತದೆ. ಅದಕ್ಕೊಂದು ಪರಿವರ್ತಕ ಕೇಬಲ್ ಬೇಕು. ಇದರಲ್ಲಿ ಎ ಟೈಪ್, ಬಿ ಟೈಪ್ ಅಂತ ಎರಡು ಬಗೆ ಇವೆ, ತಂತಿಗಳ ಜೋಡಣೆ ಅದಲುಬದಲು. 2018ರಲ್ಲಿ ಎ ಟೈಪನ್ನೇ ಗುಣಮಟ್ಟ ಅಂತ ಒಪ್ಪಿಕೊಂಡರು. ಅದಕ್ಕೂ ಮುಂಚಿನ ಕೆಲವು ವಾದ್ಯಗಳು ಬಿ ಟೈಪ್. ಕೊಳ್ಳುವ ಮುಂಚೆ ಕೈಪಿಡಿ ನೋಡಿ.

ಯುಎಸ್‌ಬಿ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಸಿಂತ್‌ನ ಹಿಂದಿನ ಚೌಕಾಕಾರದ ಯುಎಸ್‌ಬಿ ಸಾಕೆಟ್ ಕಂಪ್ಯೂಟರಿಗೆ ಜೋಡಿಸಲು ಇರುವಂಥದ್ದು. ಅಂಥ ಎರಡು ಸಿಂತ್‌ಗಳನ್ನು ನೇರವಾಗಿ ಯುಎಸ್‌ಬಿ ಕೇಬಲಿನಿಂದ ಸೇರಿಸಿದರೆ ಮಾತುಕತೆ ಆಗುವುದಿಲ್ಲ. ಎರಡೂ ಕಂಪ್ಯೂಟರ್ ಬರಲಿ ಅಂತ ಕಾಯುತ್ತಿರುತ್ತವೆ. ನಡುವೆ ಕಂಪ್ಯೂಟರ್ ಅಥವಾ ಯುಎಸ್‌ಬಿ ಹೋಸ್ಟ್ ಪೆಟ್ಟಿಗೆ ಬೇಕೇ ಬೇಕು. ಎರಡೂ ಕಡೆ ಡಿನ್ ಇದ್ದರೆ ಅದನ್ನೇ ಬಳಸಿ. ವೇದಿಕೆಯ ಮೇಲೆ ಅದರಷ್ಟು ನಂಬಿಕೆಯ ಜೋಡಣೆ ಇನ್ನೊಂದಿಲ್ಲ.

ಸದ್ದಿಗೆ ಬೇರೆ ದಾರಿ

ಮಿಡಿಯಲ್ಲಿ ಸದ್ದು ಹೋಗುವುದಿಲ್ಲ ಅಂದಮೇಲೆ ಹೊರಗಿನ ವಾದ್ಯದ ಸದ್ದನ್ನು ಸ್ಪೀಕರಿಗೆ ತಲುಪಿಸಲು ಆಡಿಯೊ ಕೇಬಲ್ ಬೇಕಲ್ವಾ? ಮಿಕ್ಸರ್ ಇದ್ದರೆ ಪ್ರತಿ ವಾದ್ಯಕ್ಕೂ ಒಂದೊಂದು ಚಾನೆಲ್ ಕೊಡಿ. ಮಿಕ್ಸರ್ ಇಲ್ಲ ಅಂದರೂ ದಾರಿ ಇದೆ. ಕ್ರಾಸ್ 2ರಲ್ಲಿ 3.5 ಎಂಎಂ ಲೈನ್ ಇನ್ ಇದೆ. ವೋಲ್ಕಾದ ಔಟ್‌ಪುಟ್ ಕೂಡ 3.5 ಎಂಎಂ. ಒಂದು ಸಾದಾ ಕೇಬಲ್ ಹಾಕಿದರೆ ಎರಡರ ಸದ್ದೂ ಕ್ರಾಸ್‌ನ ಔಟ್‌ಪುಟ್‌ನಲ್ಲೇ ಸೇರಿ ಹೊರಬರುತ್ತದೆ. ಪುಟ್ಟ ಕಾರ್ಯಕ್ರಮಗಳಿಗೆ ಇದು ತುಂಬಾ ಅನುಕೂಲ. ಸೌಂಡ್‌ನವರು ಎರಡೇ ಲೈನ್ ಕೊಟ್ಟರೂ ಕೆಲಸ ನಡೆಯುತ್ತದೆ.

ಗುಂಯ್ ಅನ್ನುವ ಹಮ್ ಬಂದರೆ ಮಿಡಿ ಕೇಬಲ್ ಮೇಲೆ ಅನುಮಾನ ಬೇಡ. ಮಿಡಿ ಇನ್ ಒಳಗೆ ಆಪ್ಟೊ ಐಸೊಲೇಟರ್ ಇರುತ್ತದೆ. ಸಂದೇಶ ಬೆಳಕಿನ ಮೂಲಕ ದಾಟುತ್ತದೆ, ಎರಡು ವಾದ್ಯಗಳ ನಡುವೆ ವಿದ್ಯುತ್ ಸಂಪರ್ಕವೇ ಇರುವುದಿಲ್ಲ. ಹಮ್ ಬರುವುದು ಆಡಿಯೊ ಕೇಬಲಿನಿಂದ, ಅಡಾಪ್ಟರಿನಿಂದ, ಇಲ್ಲವೇ ಯುಎಸ್‌ಬಿಯಿಂದ. ಜನರೇಟರ್ ಮೇಲೆ ನಡೆಯುವ ಗಣೇಶೋತ್ಸವದ ಪೆಂಡಾಲುಗಳಲ್ಲಿ ವೋಲ್ಕಾವನ್ನು ಅಡಾಪ್ಟರ್ ಬಿಟ್ಟು ಬ್ಯಾಟರಿಯಲ್ಲಿ ಓಡಿಸಿ ನೋಡಿ, ಎಷ್ಟೋ ಸಲ ಹಮ್ ಅಲ್ಲಿಗೇ ನಿಲ್ಲುತ್ತದೆ. ಆರು ಎಎ ಸೆಲ್ ಸಾಕು.

ಚಾನೆಲ್: ಕಾಗದದ ಮೇಲೆ ಮೊದಲು

ಒಂದು ಮಿಡಿ ಕೇಬಲಿನಲ್ಲಿ 16 ಚಾನೆಲ್ ಇವೆ. ಯಾವ ವಾದ್ಯ ಯಾವ ಚಾನೆಲ್ ಕೇಳಬೇಕು ಅಂತ ನೀವು ಹೇಳಬೇಕು. ಮೆನು ತೆರೆಯುವ ಮುಂಚೆಯೇ ಕಾಗದದ ಮೇಲೆ ಬರೆದುಕೊಳ್ಳಿ ಅನ್ನುವುದು ನನ್ನ ಸಲಹೆ. ನಮ್ಮ ಉದಾಹರಣೆಯಲ್ಲಿ ಕ್ರಾಸ್‌ಗೆ 1, ವೋಲ್ಕಾಗೆ 3, ಪ್ಯಾಡ್‌ಗೆ 10. ತಾಳವಾದ್ಯಕ್ಕೆ 10 ಕೊಡುವುದು ಜನರಲ್ ಮಿಡಿ ಎಂಬ ಗುಣಮಟ್ಟದಿಂದ ಬಂದ ರೂಢಿ. ಅದನ್ನು ಮುರಿಯಲು ಕಾರಣ ಇಲ್ಲ.

ಹೊರಗಿನ ವಾದ್ಯಕ್ಕೆ ಮುಖ್ಯ ಸಿಂತ್‌ನ ಚಾನೆಲನ್ನೇ ಕೊಡಬೇಡಿ. ಯಾಕೆ ಅಂತ ಮುಂದೆ ನೋಡೋಣ. ಆಮ್ನಿ ಅನ್ನುವ ಸೆಟ್ಟಿಂಗ್ ಇದ್ದರೆ ಆಫ್ ಮಾಡಿ. ಆಮ್ನಿ ಅಂದರೆ 'ಯಾವ ಚಾನೆಲ್ ಆದರೂ ನುಡಿಸುತ್ತೇನೆ' ಅಂತ. ಒಂದೇ ವಾದ್ಯ ಇದ್ದಾಗ ಅದರಿಂದ ತೊಂದರೆ ಇಲ್ಲ, ಎರಡನೆಯದು ಬಂದ ದಿನ ಗೊಂದಲ ಶುರು.

ಪರದೆ ಇಲ್ಲದ ಪುಟ್ಟ ಸಿಂತ್‌ಗಳಲ್ಲಿ ಚಾನೆಲ್ ಬದಲಿಸುವ ದಾರಿ ಸ್ವಲ್ಪ ವಿಚಿತ್ರ. ವೋಲ್ಕಾ ಸಾಲಿನವುಗಳಲ್ಲಿ ಒಂದು ಬಟನ್ ಒತ್ತಿ ಹಿಡಿದೇ ಪವರ್ ಆನ್ ಮಾಡಬೇಕು. ಯಾವ ಬಟನ್ ಅಂತ ಜೊತೆಗೆ ಬಂದ ಹಾಳೆಯಲ್ಲಿ ಇರುತ್ತದೆ. ಆ ಹಾಳೆಯ ಫೋಟೊ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ.

ಕ್ರಾಸ್ 2ರಲ್ಲಿ ಹಂತ ಹಂತವಾಗಿ

ಮೊದಲು ಗ್ಲೋಬಲ್ ಮೋಡ್‌ಗೆ ಹೋಗಿ ಮಿಡಿ ಪುಟದಲ್ಲಿ ಗ್ಲೋಬಲ್ ಚಾನೆಲ್ (ಸಿಂತ್‌ನ ಮುಖ್ಯ ಚಾನೆಲ್) 1 ಇದೆಯೇ ನೋಡಿ. ಲೋಕಲ್ ಕಂಟ್ರೋಲ್, ಅಂದರೆ ಕೀ ಒತ್ತಿದರೆ ಒಳಗಿನ ಟೋನ್ ನುಡಿಯುವ ಸೆಟ್ಟಿಂಗ್, ಆನ್ ಇರಲಿ.

ಈಗ ಒಂದು ಪರೀಕ್ಷೆ. ವೋಲ್ಕಾದ ಚಾನೆಲನ್ನು ತಾತ್ಕಾಲಿಕವಾಗಿ 1 ಮಾಡಿ, ಕ್ರಾಸ್‌ನ ಕೀ ಒತ್ತಿ. ವೋಲ್ಕಾ ನುಡಿದರೆ ಕೇಬಲ್ ಸರಿ ಇದೆ, ಆಡಿಯೊ ಸರಿ ಇದೆ, ಇನ್ನು ಏನೇ ತೊಂದರೆ ಬಂದರೂ ಅದು ಸೆಟ್ಟಿಂಗ್‌ನದು. ನುಡಿಯದಿದ್ದರೆ ಮುಂದೆ ಹೋಗಬೇಡಿ. ಇಲ್ಲೇ ಕೇಬಲ್ ಬದಲಿಸಿ, ಇನ್ ಔಟ್ ನೋಡಿ, ವಾಲ್ಯೂಮ್ ನೋಡಿ. ಪರೀಕ್ಷೆ ಮುಗಿದ ಮೇಲೆ ವೋಲ್ಕಾವನ್ನು 3ಕ್ಕೆ ತನ್ನಿ.

ಮುಂದಿನದು ಕಾಂಬಿನೇಷನ್ ಮೋಡ್. ಒಂದು ಕಾಂಬಿನೇಷನ್‌ನಲ್ಲಿ 16 ಟಿಂಬರ್‌ಗಳಿರುತ್ತವೆ, ಅಂದರೆ ಒಂದೊಂದು ಟೋನ್ ಇಡುವ 16 ಜಾಗ. ಒಂದೊಂದು ಟಿಂಬರ್‌ಗೂ ಸ್ಟೇಟಸ್ ಅಂತ ಒಂದು ಸೆಟ್ಟಿಂಗ್ ಇದೆ. ಐಎನ್‌ಟಿ ಅಂದರೆ ಒಳಗಿನ ಟೋನ್ ನುಡಿಯುತ್ತದೆ. ಇಎಕ್ಸ್‌ಟಿ ಅಂದರೆ ಒಳಗೆ ಮೌನ, ಆ ಟಿಂಬರ್‌ನ ಚಾನೆಲ್‌ನಲ್ಲಿ ಸಂದೇಶ ಮಾತ್ರ ಹೊರಗೆ ಹೋಗುತ್ತದೆ. ಇಎಕ್ಸ್2 ಕೂಡ ಹಾಗೇ, ಆದರೆ ಹೊರಗಿನ ವಾದ್ಯದ ಬ್ಯಾಂಕ್ ನಂಬರನ್ನು ನೀವೇ ಕೊಡಬಹುದು.

ಟಿಂಬರ್ 1ರಲ್ಲಿ ಪಿಯಾನೊ ಇಡಿ. ಸ್ಟೇಟಸ್ ಐಎನ್‌ಟಿ, ಚಾನೆಲ್ ಗ್ಲೋಬಲ್. ಟಿಂಬರ್ 2ರ ಸ್ಟೇಟಸ್ ಇಎಕ್ಸ್‌ಟಿ, ಚಾನೆಲ್ 3 ಮಾಡಿ. ಉಳಿದ ಟಿಂಬರ್‌ಗಳನ್ನು ಆಫ್ ಮಾಡಿ. ಈಗ ಕೀ ಒತ್ತಿದರೆ ಪಿಯಾನೊ ಮತ್ತು ವೋಲ್ಕಾ ಎರಡೂ ಒಟ್ಟಿಗೆ ನುಡಿಯಬೇಕು.

ಮುಖ್ಯ ಸಿಂತ್‌ನ ಚಾನೆಲನ್ನು ಹೊರಗಿನ ವಾದ್ಯಕ್ಕೆ ಕೊಡಬೇಡಿ ಅಂದದ್ದು ಇದಕ್ಕೇ. ಕಾಂಬಿನೇಷನ್ ಮೋಡ್‌ನಲ್ಲಿ ನೀವು ಏನೇ ನುಡಿಸಿದರೂ ಅದು ಗ್ಲೋಬಲ್ ಚಾನೆಲ್‌ನಲ್ಲೂ ಹೊರಗೆ ಹೋಗುತ್ತದೆ. ಅದರ ಜೊತೆಗೆ ಇಎಕ್ಸ್‌ಟಿ ಟಿಂಬರ್‌ಗಳ ಚಾನೆಲ್‌ಗಳಲ್ಲೂ ಹೋಗುತ್ತದೆ. ವೋಲ್ಕಾ ಚಾನೆಲ್ 1ರಲ್ಲಿ ಉಳಿದಿದ್ದರೆ ನೀವು ಯಾವ ಸ್ಪ್ಲಿಟ್ (ಕೀಬೋರ್ಡನ್ನು ಭಾಗ ಮಾಡಿ ಒಂದೊಂದಕ್ಕೆ ಒಂದೊಂದು ಟೋನ್ ಕೊಡುವುದು) ಮಾಡಿದರೂ ಅದು ಇಡೀ ಕೀಬೋರ್ಡಿಗೆ ನುಡಿಯುತ್ತಲೇ ಇರುತ್ತದೆ. 'ಸ್ಪ್ಲಿಟ್ ಕೆಲಸ ಮಾಡ್ತಿಲ್ಲ' ಅನ್ನುವ ದೂರಿನ ಹಿಂದೆ ಹೆಚ್ಚಾಗಿ ಇರುವುದು ಇದೇ.

ಈಗ ಸ್ಪ್ಲಿಟ್. 61 ಕೀಗಳ ಕ್ರಾಸ್‌ನಲ್ಲಿ ಎಡತುದಿ ಸಿ2, ಬಲತುದಿ ಸಿ7. ಕೀ ಝೋನ್ ಪುಟದಲ್ಲಿ ಟಿಂಬರ್ 2ರ ಕೆಳಗಿನ ಕೀಯನ್ನು ಸಿ5 ಮಾಡಿ, ಮೇಲಿನದನ್ನು ಇದ್ದ ಹಾಗೇ ಬಿಡಿ. ಟಿಂಬರ್ 1ರ ಮೇಲಿನ ಕೀ ಬಿ4 ಮಾಡಿ. ಎಡಗೈಗೆ ಪಿಯಾನೊ, ಬಲಗೈಗೆ ವೋಲ್ಕಾದ ಬೆಲ್. ಇದಕ್ಕಿಂತ ನನಗೆ ಇಷ್ಟವಾದದ್ದು ವೆಲಾಸಿಟಿ, ಅಂದರೆ ಕೀ ಒತ್ತಿದ ರಭಸ, ನೋಡಿ ನುಡಿಸುವ ವೆಲಾಸಿಟಿ ಝೋನ್. ಇಡೀ ಕೀಬೋರ್ಡಿಗೆ ಪಿಯಾನೊ ಇಟ್ಟು, ವೋಲ್ಕಾದ ಟಿಂಬರ್‌ಗೆ ವೆಲಾಸಿಟಿ 100ರಿಂದ 127ರವರೆಗೆ ಮಾತ್ರ ಕೊಡಿ. ಮೆಲ್ಲಗೆ ನುಡಿಸಿದಾಗ ಬರೀ ಪಿಯಾನೊ. ಪಲ್ಲವಿಯ ಒತ್ತು ಬೀಳುವ ಸ್ವರಗಳಿಗೆ ಮಾತ್ರ ಮೇಲಿಂದ ಬೆಲ್ ಸೇರಿಕೊಳ್ಳುತ್ತದೆ. ಭಾವಗೀತೆಗಳಿಗೆ ಇದು ತುಂಬಾ ಚೆಂದ ಹೊಂದುತ್ತದೆ.

ಮುಗಿದ ಮೇಲೆ ರೈಟ್ ಮಾಡಿ ಉಳಿಸಿ. ಉಳಿಸದೆ ಬೇರೆ ಕಾಂಬಿನೇಷನ್‌ಗೆ ಹೋದರೆ ಎಲ್ಲಾ ಹೋಗುತ್ತದೆ.

ಬೇರೆ ಕಂಪನಿಗಳಲ್ಲಿ ಹೆಸರು ಬೇರೆ. ಯಮಹಾದಲ್ಲಿ ಝೋನ್ ಅಂತ ಹುಡುಕಿ. ರೋಲ್ಯಾಂಡ್ ಫ್ಯಾಂಟಮ್‌ನಲ್ಲಿ ಒಂದೊಂದು ಝೋನನ್ನೂ ಒಳಗಿನದೋ ಹೊರಗಿನದೋ ಅಂತ ಬದಲಿಸಬಹುದು. ಇಂಥ ಸೌಲಭ್ಯ ಇಲ್ಲದ ಸಣ್ಣ ಸಿಂತ್ ಆದರೆ ಅದು ಒಂದೇ ಚಾನೆಲ್‌ನಲ್ಲಿ ಎಲ್ಲವನ್ನೂ ಕಳಿಸುತ್ತದೆ. ಆಗ ಹೊರಗಿನ ವಾದ್ಯವನ್ನೇ ಆ ಚಾನೆಲ್‌ಗೆ ತರಬೇಕು, ಎರಡನ್ನೂ ಒಟ್ಟಿಗೆ ಲೇಯರ್ ಆಗಿ ಬಳಸಬೇಕು.

ಬೆಂಡ್ ಮತ್ತು ಗಮಕ

ನಮ್ಮ ಸಂಗೀತ ನುಡಿಸುವವರು ಇದನ್ನು ನಿಧಾನವಾಗಿ ಓದಿ. ಪಾಶ್ಚಾತ್ಯ ಸಂಗೀತ ನುಡಿಸುವವರಿಗೆ ಬೆಂಡರ್ (ಸ್ವರವನ್ನು ಮೇಲೆ ಕೆಳಗೆ ಜಾರಿಸುವ ಕಡ್ಡಿ ಅಥವಾ ಚಕ್ರ) ಒಂದು ಅಲಂಕಾರ. ನಮಗೆ ಅದಿಲ್ಲದೆ ರಾಗವೇ ಇಲ್ಲ. ತೋಡಿಯ ಗಾಂಧಾರವನ್ನು ಅಲುಗಾಡಿಸದೆ ಕೀ ಮೇಲೆ ನೆಟ್ಟಗೆ ಒತ್ತಿ ನಿಲ್ಲಿಸಿದರೆ ತೋಡಿ ಅನ್ನಿಸುತ್ತದೆಯೇ?

ಬೆಂಡರ್ ಕಳಿಸುವ ಸಂದೇಶದಲ್ಲಿ 'ಇಷ್ಟು ಸ್ವರ ಮೇಲೆ ಹೋಗು' ಅಂತ ಇರುವುದಿಲ್ಲ. 0ಯಿಂದ 16,383ರವರೆಗಿನ ಒಂದು ಸಂಖ್ಯೆ ಅಷ್ಟೇ. 8,192 ಅಂದರೆ ಬೆಂಡರ್ ನಡುವಿನಲ್ಲಿದೆ. ತುದಿಗೆ ಹೋದಾಗ ಎಷ್ಟು ದೂರ ಜಾರಬೇಕು ಅನ್ನುವುದನ್ನು ಕೇಳಿಸಿಕೊಳ್ಳುವ ವಾದ್ಯ ತನ್ನ ಸೆಟ್ಟಿಂಗ್ ನೋಡಿ ತೀರ್ಮಾನಿಸುತ್ತದೆ. ಕ್ರಾಸ್‌ನ ಒಳಗಿನ ಟೋನ್‌ಗೆ ಬೆಂಡ್ ರೇಂಜ್ 2 ಸೆಮಿಟೋನ್ ಇದ್ದು, ಹೊರಗಿನ ವಾದ್ಯದಲ್ಲಿ 12 ಇದ್ದರೆ ಏನಾಗುತ್ತದೆ? ನೀವು ಸ ಇಂದ ಚತುಶ್ರುತಿ ರಿಷಭಕ್ಕೆ ಜಾರುವಷ್ಟರಲ್ಲಿ ಹೊರಗಿನದು ತಾರಸ್ಥಾಯಿ ಷಡ್ಜಕ್ಕೆ ಹಾರಿರುತ್ತದೆ. ಲೇಯರ್ ಮಾಡಿದಾಗ ಅಪಶ್ರುತಿ ಕಿವಿಗೆ ಚುಚ್ಚುತ್ತದೆ.

ಹಾಗಾಗಿ ಎರಡೂ ಕಡೆ ರೇಂಜ್ ಒಂದೇ ಇರಲಿ. ಹೆಚ್ಚಿನ ವಾದ್ಯಗಳಲ್ಲಿ ಮೊದಲಿಂದ ಇರುವುದು 2. ಹೊರಗಿನ ವಾದ್ಯಕ್ಕೆ ಮೆನು ಇದ್ದರೆ ಅಲ್ಲೇ ಬದಲಿಸಿ. ಮೆನು ಇಲ್ಲ, ಆದರೆ ಆರ್‌ಪಿಎನ್ (ಇಂಥ ಸೆಟ್ಟಿಂಗ್ ಬದಲಿಸುವ, ಸಿಸಿ ಎಂಬ ನಿಯಂತ್ರಣ ಸಂದೇಶಗಳ ಸರಣಿ) ಅರ್ಥ ಮಾಡಿಕೊಳ್ಳುತ್ತದೆ ಅನ್ನುವ ವಾದ್ಯಕ್ಕೆ ಕಂಪ್ಯೂಟರಿನಿಂದಲೋ ಸಿಂತ್‌ನ ಸೀಕ್ವೆನ್ಸರಿನಿಂದಲೋ ಈ ಕ್ರಮದಲ್ಲಿ ಕಳಿಸಬಹುದು: ಸಿಸಿ 101ಕ್ಕೆ 0, ಸಿಸಿ 100ಕ್ಕೆ 0, ಸಿಸಿ 6ಕ್ಕೆ 2. ಕೊನೆಗೆ ಸಿಸಿ 101 ಮತ್ತು 100 ಎರಡಕ್ಕೂ 127 ಕಳಿಸಿ ಬಾಗಿಲು ಮುಚ್ಚಿ. ಇಲ್ಲದಿದ್ದರೆ ಮುಂದೆ ಅಕಸ್ಮಾತ್ ಬಂದ ಸಿಸಿ 6 ರೇಂಜನ್ನು ಕೆಡಿಸುತ್ತದೆ.

ಎಷ್ಟು ರೇಂಜ್ ಒಳ್ಳೆಯದು? ಗಮಕಕ್ಕೆ 2 ಅಥವಾ 3 ಸಾಕು ಅನ್ನುವುದು ನನ್ನ ಅಭಿಪ್ರಾಯ. 12 ಇಟ್ಟರೆ ಒಂದು ಸ್ಥಾಯಿ ಪೂರ್ತಿ ಜಾರಬಹುದು ನಿಜ. ಆದರೆ ಬೆಂಡರ್ ಕೂದಲೆಳೆಯಷ್ಟು ಅಲುಗಿದರೂ ಸ್ವರ ಓಡಿಹೋಗುತ್ತದೆ, ಕಂಪಿತ ಕೈಗೆ ಸಿಗುವುದಿಲ್ಲ. ಹೆಬ್ಬೆರಳು ಪೂರ್ತಿ ದೂರ ಓಡಾಡುವಂತೆ ಇದ್ದರೆ ಹಿಡಿತ ಜಾಸ್ತಿ.

ಇನ್ನೊಂದು ಮಾತು. ಬೆಂಡ್ ಒಂದು ಕೀಗೆ ಹೋಗುವುದಲ್ಲ, ಇಡೀ ಚಾನೆಲ್‌ಗೆ ಹೋಗುತ್ತದೆ. ಎಡಗೈಯಲ್ಲಿ ಸ-ಪ ಹಿಡಿದು ಬಲಗೈಯಲ್ಲಿ ರಾಗ ನುಡಿಸುತ್ತಾ ಬೆಂಡ್ ಮಾಡಿದರೆ ಶ್ರುತಿಯೂ ಜೊತೆಗೆ ಜಾರುತ್ತದೆ. ಕೇಳಲಾಗದು. ಇದಕ್ಕೆ ಪರಿಹಾರ ಚಾನೆಲ್ ಬೇರೆ ಮಾಡುವುದು. ಶ್ರುತಿಯ ಟಿಂಬರ್‌ಗೆ ಬೆಂಡ್ ರೇಂಜ್ 0 ಮಾಡಿ. ರಾಗ ನುಡಿಸುವ ಟಿಂಬರ್‌ಗೆ ಮಾತ್ರ ಬೆಂಡ್ ಇರಲಿ. ಹೊರಗಿನ ವಾದ್ಯದಿಂದ ಸಿಗುವ ದೊಡ್ಡ ಲಾಭ ಇದು. ರಾಗಕ್ಕೆ ಒಂದು ಪೂರ್ತಿ ವಾದ್ಯವೇ ಮೀಸಲು.

ಸ್ಕೇಲ್ ಟ್ಯೂನ್ (ಒಂದೊಂದು ಸ್ವರವನ್ನೂ ಬೇರೆಯಾಗಿ ಏರಿಸಿ ಇಳಿಸುವುದು) ಬಳಸುವವರಿಗೂ ಒಂದು ಎಚ್ಚರಿಕೆ. ನೀವು ಮುಖ್ಯ ಸಿಂತ್‌ನಲ್ಲಿ ಗಾಂಧಾರವನ್ನು ಕೆಲವು ಸೆಂಟ್ ಇಳಿಸಿದ್ದರೆ ಅದು ಒಳಗಿನ ಟೋನ್‌ಗೆ ಮಾತ್ರ. ಹೊರಗೆ ಹೋಗುವುದು 64 ಎಂಬ ನೋಟ್ ನಂಬರ್, ಇಳಿಸಿದ ಸಂಗತಿ ಹೋಗುವುದಿಲ್ಲ. ಹೊರಗಿನ ವಾದ್ಯದಲ್ಲಿ ಅದೇ ಟ್ಯೂನಿಂಗ್ ಬೇರೆಯಾಗಿ ಮಾಡಬೇಕು. ಅದರಲ್ಲಿ ಆ ಸೌಲಭ್ಯ ಇಲ್ಲದಿದ್ದರೆ ಆ ಸ್ವರ ಬರುವ ಜಾಗದಲ್ಲಿ ಅದನ್ನು ಲೇಯರ್ ಮಾಡದಿರುವುದೇ ಒಳ್ಳೆಯದು.

ಹಾಡುವವರ ಶ್ರುತಿಗೆ ಟ್ರಾನ್ಸ್‌ಪೋಸ್

ಕಾರ್ಯಕ್ರಮದಲ್ಲಿ ಗಾಯಕರು ಬದಲಾದ ಹಾಗೆ ಶ್ರುತಿ ಬದಲಾಗುತ್ತದೆ, ನಾವು ಟ್ರಾನ್ಸ್‌ಪೋಸ್ ಒತ್ತುತ್ತೇವೆ. ಹೊರಗಿನ ವಾದ್ಯಕ್ಕೆ ಅದು ಗೊತ್ತಾಗುತ್ತದೆಯೇ? ಸಿಂತ್‌ನಿಂದ ಸಿಂತ್‌ಗೆ ಉತ್ತರ ಬೇರೆ. ಕೆಲವು ಸಿಂತ್‌ಗಳಲ್ಲಿ ಟ್ರಾನ್ಸ್‌ಪೋಸ್ ಆದ ನೋಟ್ ಹೊರಗೆ ಹೋಗುತ್ತದೆ, ಕೆಲವದರಲ್ಲಿ ಮೂಲ ನೋಟೇ ಹೋಗುತ್ತದೆ.

ಕೋರ್ಗ್ ವರ್ಕ್‌ಸ್ಟೇಷನ್‌ಗಳ ಗ್ಲೋಬಲ್ ಮೋಡ್‌ನಲ್ಲಿ ಕನ್ವರ್ಟ್ ಪೊಸಿಷನ್ ಎಂಬ ಸೆಟ್ಟಿಂಗ್ ಹುಡುಕಿ. ಪ್ರಿ-ಮಿಡಿ ಇಟ್ಟರೆ ಟ್ರಾನ್ಸ್‌ಪೋಸ್ ಕೀಬೋರ್ಡಿನ ಬುಡದಲ್ಲೇ ಆಗುತ್ತದೆ, ಬದಲಾದ ನೋಟ್ ಹೊರಗೂ ಹೋಗುತ್ತದೆ. ಪೋಸ್ಟ್-ಮಿಡಿ ಇಟ್ಟರೆ ಒಳಗಿನ ಟೋನ್ ಮಾತ್ರ ಬದಲಾಗುತ್ತದೆ. ಹಾಡಿಗೆ ಹೊಂದಿಸಿ ವೋಲ್ಕಾ ಕೂಡ ಬದಲಾಗಬೇಕಾದರೆ ಪ್ರಿ-ಮಿಡಿಯೇ ಬೇಕು.

ಆದರೆ ಪ್ರಿ-ಮಿಡಿಯಲ್ಲಿ ಪ್ಯಾಡ್ ಕೈಕೊಡುತ್ತದೆ. ಎಸ್‌ಪಿಡಿ-20 ಪ್ಯಾಡ್‌ನ ಸದ್ದುಗಳನ್ನು ಕೀಬೋರ್ಡಿನಿಂದ ನುಡಿಸುವಾಗ ಒಂದೊಂದು ನೋಟ್ ನಂಬರಿಗೆ ಒಂದೊಂದು ಸದ್ದು ಗೊತ್ತುಮಾಡಿರುತ್ತದೆ. ನೀವು ಎರಡು ಸೆಮಿಟೋನ್ ಏರಿಸಿದರೆ 38 ಹೋಗಬೇಕಾದಲ್ಲಿ 40 ಹೋಗುತ್ತದೆ. ಒಂದು ಪೆಟ್ಟು ಬಾರಿಸಿದರೆ ಇನ್ನೊಂದು ಸದ್ದು ಬರುತ್ತದೆ, ಇಲ್ಲವೇ ಏನೂ ಬರುವುದಿಲ್ಲ. ಶ್ರುತಿ ಪದೇ ಪದೇ ಬದಲಾಗುವ ಕಾರ್ಯಕ್ರಮದಲ್ಲಿ ಪ್ಯಾಡನ್ನು ಕೀಯಿಂದ ನುಡಿಸುವ ಯೋಚನೆ ಬಿಡಿ. ಕೋಲು ಹಿಡಿದು ಬಾರಿಸುವವರೇ ಬಾರಿಸಲಿ. ಕೀಯಿಂದ ಪ್ಯಾಡ್ ನುಡಿಸುವುದು ಮನೆಯಲ್ಲಿ ರೆಕಾರ್ಡಿಂಗ್ ಮಾಡುವಾಗ ಚೆನ್ನ.

ಸ್ಥಾಯಿ ಒಂದು ಮೇಲೋ ಕೆಳಗೋ ಬಂದರೆ ಗಾಬರಿ ಬೇಡ. ನಡುವಿನ ಸಿ ಎಲ್ಲರಿಗೂ 60. ಯಮಹಾ ಅದನ್ನು ಸಿ3 ಅನ್ನುತ್ತದೆ, ರೋಲ್ಯಾಂಡ್ ಮತ್ತು ಕೋರ್ಗ್ ಸಿ4 ಅನ್ನುತ್ತವೆ. ಹೊರಗಿನ ವಾದ್ಯದ ಆಕ್ಟೇವ್ ಬದಲಿಸಿದರೆ ಸರಿಹೋಗುತ್ತದೆ.

ನಾಬ್, ಪೆಡಲ್, ಟೋನ್ ಬದಲಾವಣೆ

ನಾಬ್ ತಿರುಗಿಸಿದಾಗ ಹೋಗುವುದು ಸಿಸಿ, ಅಂದರೆ ಕಂಟ್ರೋಲ್ ಚೇಂಜ್ ಸಂದೇಶ. ಸಿಸಿ 1 ಮಾಡ್ಯುಲೇಷನ್, 7 ವಾಲ್ಯೂಮ್, 10 ಪ್ಯಾನ್, 64 ಸಸ್ಟೇನ್ ಪೆಡಲ್. 74 ಫಿಲ್ಟರ್ ಕಟಾಫ್, 71 ರೆಸೊನೆನ್ಸ್. ಮೊದಲಿನ ನಾಲ್ಕನ್ನು ಹೆಚ್ಚಿನ ವಾದ್ಯಗಳು ಒಪ್ಪುತ್ತವೆ. ಉಳಿದದ್ದನ್ನು ಕೈಪಿಡಿ ನೋಡಿಯೇ ನಂಬಬೇಕು. ಕೈಪಿಡಿಯ ಕೊನೆಯಲ್ಲಿ ಮಿಡಿ ಇಂಪ್ಲಿಮೆಂಟೇಷನ್ ಚಾರ್ಟ್ ಅಂತ ಒಂದು ಪುಟ ಇರುತ್ತದೆ. ಅದರಲ್ಲಿ ಸೊನ್ನೆ ಗುರುತು ಇದ್ದರೆ ಆ ಸಂದೇಶ ಅರ್ಥವಾಗುತ್ತದೆ, ಕತ್ತರಿ ಗುರುತು ಇದ್ದರೆ ಇಲ್ಲ. ಹೊರಗಿನ ವಾದ್ಯ ಕೊಳ್ಳುವ ಮುಂಚೆ ನಾನು ಮೊದಲು ತೆರೆಯುವುದು ಈ ಪುಟವನ್ನೇ.

ಮೊದಲ ವೋಲ್ಕಾ ಎಫ್‌ಎಂ ಇದಕ್ಕೆ ಒಳ್ಳೆಯ ಉದಾಹರಣೆ. ಅದಕ್ಕೆ ಸಿಸಿ 74 ಬೇಡ. ಮಾಡ್ಯುಲೇಟರ್ ಅಟ್ಯಾಕ್ 42, ಡಿಕೇ 43, ಕ್ಯಾರಿಯರ್ ಅಟ್ಯಾಕ್ 44, ಡಿಕೇ 45. ಅದಕ್ಕಿಂತ ದೊಡ್ಡದು, ಕೀಯನ್ನು ಜೋರಾಗಿ ಒತ್ತಿದರೂ ಮೆಲ್ಲಗೆ ಒತ್ತಿದರೂ ಅದು ಒಂದೇ ಥರ ನುಡಿಯುತ್ತದೆ. ನೋಟ್ ಜೊತೆ ಬರುವ ವೆಲಾಸಿಟಿಯನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ವೆಲಾಸಿಟಿಯನ್ನು ಸಿಸಿ 41ರಲ್ಲಿ ಬೇರೆಯಾಗಿ ಕಳಿಸಬೇಕು. ನಿಮ್ಮ ಸಿಂತ್‌ನಲ್ಲಿ ನಾಬ್‌ಗೆ ಬೇಕಾದ ನಂಬರ್ ಕೊಡಲು ಬಂದರೆ ಒಂದು ನಾಬ್‌ಗೆ 41 ಕೊಡಿ, ಎಡಗೈಯಲ್ಲಿ ಅದನ್ನು ತಿರುಗಿಸುತ್ತಾ ಬಲಗೈಯಲ್ಲಿ ನುಡಿಸಿ. ಟೋನ್ ತೆರೆದುಕೊಳ್ಳುವ ರೀತಿ ಬಹಳ ಸೊಗಸು. ಇನ್ನೊಂದು, ಅದರಲ್ಲಿ ಒಮ್ಮೆಗೆ ಮೂರು ಸ್ವರ ಮಾತ್ರ ನುಡಿಯುತ್ತವೆ. ನಾಲ್ಕು ಸ್ವರದ ಕಾರ್ಡ್ ಹಿಡಿದರೆ ಒಂದು ಕೈಬಿಟ್ಟು ಹೋಗುತ್ತದೆ. ನಂತರ ಬಂದ ಎರಡನೇ ಮಾದರಿಯಲ್ಲಿ ವೆಲಾಸಿಟಿಯೂ ಇದೆ, ಆರು ಸ್ವರವೂ ಇದೆ.

ಟೋನ್ ಬದಲಿಸುವ ಪ್ರೋಗ್ರಾಂ ಚೇಂಜ್‌ನಲ್ಲಿ ಒಂದು ಸಣ್ಣ ಗೊಂದಲ ಇದೆ. ಕೇಬಲಿನಲ್ಲಿ ಹೋಗುವ ಸಂಖ್ಯೆ 0ಯಿಂದ 127, ಕೆಲವು ವಾದ್ಯಗಳ ಪರದೆಯಲ್ಲಿ ಕಾಣುವುದು 1ರಿಂದ 128. ಹಾಗಾಗಿ ಒಂದು ಹೆಚ್ಚು ಕಡಿಮೆ ಆಗಬಹುದು. ಕ್ರಾಸ್‌ನಲ್ಲಿ ಕಾಂಬಿನೇಷನ್ ಆರಿಸಿದ ಕೂಡಲೇ ಇಎಕ್ಸ್‌ಟಿ ಟಿಂಬರ್‌ನಿಂದ ಪ್ರೋಗ್ರಾಂ ನಂಬರ್, ವಾಲ್ಯೂಮ್, ಪ್ಯಾನ್ ಹೊರಗೆ ಹೋಗುತ್ತವೆ. ಹೊರಗಿನ ವಾದ್ಯ ಅದನ್ನು ಒಪ್ಪುವುದಾದರೆ ಇದು ಉಪಯುಕ್ತ, ಒಂದೇ ಬಟನ್ ಒತ್ತಿದರೆ ಎರಡೂ ವಾದ್ಯ ಮುಂದಿನ ಹಾಡಿಗೆ ಸಿದ್ಧ. ಬೇಡವಾದರೆ ಟಿಂಬರ್‌ನ ಮಿಡಿ ಫಿಲ್ಟರ್ ಪುಟದಲ್ಲಿ ಪ್ರೋಗ್ರಾಂ ಚೇಂಜ್ ಆಫ್ ಮಾಡಿ.

ಕ್ಲಾಕ್

ಆರ್ಪೆಜಿಯೇಟರ್, ಸೀಕ್ವೆನ್ಸರ್, ಡಿಲೇ ಬಳಸುವವರಿಗೆ ಮಾತ್ರ ಇದು ಬೇಕು. ಮುಖ್ಯ ಸಿಂತ್ ಒಂದು ಕ್ವಾರ್ಟರ್ ನೋಟ್‌ಗೆ 24 ಮಿಡಿ ಕ್ಲಾಕ್, ಅಂದರೆ ಲಯ ಹೊಂದಿಸುವ ಸಂದೇಶ, ಕಳಿಸುತ್ತದೆ. ಕ್ಲಾಕ್‌ಗೆ ಚಾನೆಲ್ ಇಲ್ಲ, ಎಲ್ಲರಿಗೂ ಕೇಳಿಸುತ್ತದೆ. ಒಬ್ಬರು ಮಾತ್ರ ಯಜಮಾನ. ಕ್ರಾಸ್ ಇಂಟರ್ನಲ್ ಕ್ಲಾಕ್‌ನಲ್ಲಿರಲಿ, ಉಳಿದವು ಹೊರಗಿನ ಕ್ಲಾಕ್ ಕೇಳಲಿ.

ಕ್ಲಾಕ್ ಜೊತೆಗೆ ಸ್ಟಾರ್ಟ್ ಸಂದೇಶವೂ ಹೋಗುತ್ತದೆ. ಕ್ರಾಸ್‌ನಲ್ಲಿ ಸೀಕ್ವೆನ್ಸರ್ ಶುರು ಮಾಡಿದ ಕೂಡಲೇ ವೋಲ್ಕಾದಲ್ಲಿ ಯಾವತ್ತೋ ಮಾಡಿಟ್ಟ ಪ್ಯಾಟರ್ನ್ ತಾನಾಗಿ ಓಡತೊಡಗಿದರೆ ಕಾರಣ ಇದೇ. ಆ ಪ್ಯಾಟರ್ನ್ ಅಳಿಸಿ, ಇಲ್ಲವೇ ಕ್ರಾಸ್ ಕ್ಲಾಕ್ ಕಳಿಸುವುದನ್ನು ನಿಲ್ಲಿಸಿ.

ಮೂರನೇ ವಾದ್ಯ ಬಂದಾಗ

ಥ್ರೂ ಸಾಕೆಟ್ ಇರುವ ವಾದ್ಯ ಇನ್‌ಗೆ ಬಂದದ್ದನ್ನು ಹಾಗೇ ಮುಂದೆ ದಾಟಿಸುತ್ತದೆ. ಮುಖ್ಯ ಸಿಂತ್‌ನ ಔಟ್‌ನಿಂದ ಮೊದಲನೆಯದರ ಇನ್‌ಗೆ, ಅದರ ಥ್ರೂನಿಂದ ಎರಡನೆಯದರ ಇನ್‌ಗೆ. ಮೊದಲ ವೋಲ್ಕಾ ಎಫ್‌ಎಂನಲ್ಲಿ ಇನ್ ಒಂದೇ ಇರುವುದರಿಂದ ಅದು ಸಾಲಿನ ಕೊನೆಯಲ್ಲೇ ಇರಬೇಕು. ಯಾವುದಕ್ಕೂ ಥ್ರೂ ಇಲ್ಲದಿದ್ದರೆ ಮಿಡಿ ಥ್ರೂ ಬಾಕ್ಸ್ ಕೊಳ್ಳಿ. ಒಂದು ಇನ್, ಹಲವು ಔಟ್ ಇರುವ ಪುಟ್ಟ ಪೆಟ್ಟಿಗೆ ಅದು. ಕೇಬಲ್ ಸೀಳಿ ಎರಡಕ್ಕೆ ಬೆಸುಗೆ ಹಾಕುವ ದಾರಿ ಬೇಡ. ಮಿಡಿ ಔಟ್ ಕೊಡುವ ವಿದ್ಯುತ್ ಒಂದು ಇನ್‌ಗೆ ಸಾಕಾಗುವಷ್ಟು. ಎರಡಕ್ಕೆ ಹಂಚಿದರೆ ಕೆಲವೊಮ್ಮೆ ನುಡಿಯುತ್ತದೆ, ಕೆಲವೊಮ್ಮೆ ಕೈಕೊಡುತ್ತದೆ. ವೇದಿಕೆಯ ಮೇಲೆ ಆ 'ಕೆಲವೊಮ್ಮೆ' ಆಗಿಬರುವುದಿಲ್ಲ.

ಎರಡು ವಾದ್ಯಗಳ ನಡುವೆ ಔಟ್ ಮತ್ತು ಇನ್ ಎರಡೂ ಕಡೆಯಿಂದ ಜೋಡಿಸಿದ್ದರೆ, ಬಂದದ್ದನ್ನು ಮತ್ತೆ ಹೊರಗೆ ಕಳಿಸುವ ಎಕೋ ಅಥವಾ ಸಾಫ್ಟ್ ಥ್ರೂ ಆಫ್ ಇರಲಿ. ಇಲ್ಲದಿದ್ದರೆ ಒಂದು ನೋಟ್ ಇಬ್ಬರ ನಡುವೆ ಸುತ್ತುತ್ತಾ ಎರಡೂ ಸಿಂತ್‌ಗಳು ಉಸಿರುಗಟ್ಟಿ ನಿಲ್ಲುತ್ತವೆ.

ಕೈಕೊಟ್ಟಾಗ ನೋಡುವ ಜಾಗಗಳು

ಸ್ವರ ನಿಲ್ಲದೆ ಎಳೆಯುತ್ತಿದ್ದರೆ ನೋಟ್ ಆಫ್ ಸಂದೇಶ ತಲುಪಿಲ್ಲ ಅಂತ ಅರ್ಥ. ಕೀ ಒತ್ತಿರುವಾಗ ಕೇಬಲ್ ಕಿತ್ತುಬಂದಿರಬಹುದು. ಪೆಡಲ್ ತುಳಿದಿರುವಾಗಲೇ ಕಾಂಬಿನೇಷನ್ ಬದಲಿಸಿದ್ದರೂ ಹೀಗಾಗುತ್ತದೆ. ಮೊದಲು ಪೆಡಲ್ ಒಮ್ಮೆ ತುಳಿದು ಬಿಡಿ. ಆಗಲಿಲ್ಲ ಅಂದರೆ ನಿಮ್ಮ ಸಿಂತ್‌ನಲ್ಲಿ ಪ್ಯಾನಿಕ್ ಬಟನ್ ಇದೆಯೇ ನೋಡಿ. ಅದು ಸಿಸಿ 120 ಅಥವಾ 123 ಕಳಿಸಿ ಎಲ್ಲಾ ಸ್ವರಗಳನ್ನು ನಿಲ್ಲಿಸುತ್ತದೆ. ಅದೂ ಇಲ್ಲದಿದ್ದರೆ ಹೊರಗಿನ ವಾದ್ಯವನ್ನು ಆಫ್ ಮಾಡಿ ಆನ್ ಮಾಡುವುದೇ ದಾರಿ. ಹಾಗಾಗಿ ಅದರ ಸ್ವಿಚ್ ಕೈಗೆಟುಕುವ ಕಡೆ ಇರಲಿ.

ಒಂದೇ ಕೀಗೆ ಸ್ವರ ಎರಡು ಸಲ ನುಡಿದಂತೆ, ಸದ್ದು ತೆಳ್ಳಗೆ ಲೋಹದಂತೆ ಕೇಳಿಸಿದರೆ ನೀವು ಕಂಪ್ಯೂಟರನ್ನೂ ಜೋಡಿಸಿರುತ್ತೀರಿ. ಸಿಂತ್ ಒಮ್ಮೆ ತಾನೇ ನುಡಿಯುತ್ತದೆ, ಕಂಪ್ಯೂಟರಿಗೆ ಹೋಗಿ ಬಂದ ಅದೇ ನೋಟಿಗೆ ಇನ್ನೊಮ್ಮೆ ನುಡಿಯುತ್ತದೆ. ಆಗ ಮಾತ್ರ ಲೋಕಲ್ ಆಫ್ ಮಾಡಿ. ಕಂಪ್ಯೂಟರ್ ತೆಗೆದಾಗ ಮತ್ತೆ ಆನ್ ಮಾಡುವುದನ್ನು ಮರೆಯಬೇಡಿ. ಲೋಕಲ್ ಆಫ್ ಇದ್ದ ಸಿಂತ್ ಕೀ ಒತ್ತಿದರೆ ಪೂರ್ತಿ ಮೂಕವಾಗಿರುತ್ತದೆ. ಸಿಂತ್ ಕೆಟ್ಟಿದೆ ಅಂತ ರಿಪೇರಿಗೆ ಕೊಂಡೊಯ್ಯುವ ಮುಂಚೆ ಈ ಒಂದು ಸೆಟ್ಟಿಂಗ್ ನೋಡಿ.

ಹೊರಗಿನ ವಾದ್ಯ ತಡವಾಗಿ, ಎಡವುತ್ತಾ ನುಡಿದರೆ ಕೇಬಲಿನಲ್ಲಿ ಸಂದೇಶ ತುಂಬಿ ತುಳುಕುತ್ತಿದೆ. ಒಂದು ನೋಟಿಗೆ 1 ಮಿಲಿಸೆಕೆಂಡ್ ಅಂದಮೇಲೆ ಹತ್ತು ಬೆರಳಿನ ಕಾರ್ಡಿಗೆ 10 ಮಿಲಿಸೆಕೆಂಡ್ ಹತ್ತಿರ ಬೇಕು. ಅದನ್ನೇ ಗ್ಲೋಬಲ್ ಚಾನೆಲ್ ಮತ್ತು ಎರಡು ಇಎಕ್ಸ್‌ಟಿ ಟಿಂಬರ್‌ಗಳಲ್ಲಿ ಕಳಿಸಿದರೆ ಮೂರು ಪಟ್ಟು. ಜೊತೆಗೆ ಆಫ್ಟರ್‌ಟಚ್ (ಒತ್ತಿದ ಕೀ ಮೇಲಿನ ಒತ್ತಡ ಅಳೆಯುವ ಸೌಲಭ್ಯ) ಇರುವ ಕೀಬೋರ್ಡ್ ಬೆರಳು ಒತ್ತಿದಷ್ಟು ಹೊತ್ತೂ ಸಂದೇಶ ಸುರಿಸುತ್ತಲೇ ಇರುತ್ತದೆ. ಹೊರಗಿನ ವಾದ್ಯಕ್ಕೆ ಬೇಡದ ಆಫ್ಟರ್‌ಟಚ್, ಬೇಡದ ಸಿಸಿ, ಬಳಸದ ಇಎಕ್ಸ್‌ಟಿ ಟಿಂಬರ್ ಎಲ್ಲವನ್ನೂ ಫಿಲ್ಟರ್ ಪುಟದಲ್ಲಿ ಒಂದೊಂದಾಗಿ ಆಫ್ ಮಾಡುತ್ತಾ ಬನ್ನಿ. ಯಾವುದನ್ನು ಆಫ್ ಮಾಡಿದಾಗ ಸರಿಹೋಯಿತೋ ಅದನ್ನು ಚಾನೆಲ್ ಬರೆದ ಕಾಗದದಲ್ಲೇ ಗುರುತು ಹಾಕಿ, ಸಿಂತ್‌ನ ಅಡಿಗೆ ಅಂಟಿಸಿ.